ಪುರಸಭೆ ಬಜೆಟ್, ಸಂತೆ ಸುಂಕ, ಒಂದು ಪಾರ್ಕು: ಸದಸ್ಯೆಯಾಗಿ ನನ್ನ ಅನುಭವ

ಮಂಡ್ಯ ಜಿಲ್ಲೆಯ ಒಂದು ಪುರಸಭೆಗೆ ನಾನು ಸದಸ್ಯೆಯಾಗಿದ್ದೆ. ಊರಿನ ಹೆಸರು ಹೇಳುವುದಿಲ್ಲ. ಈ ಬರಹದಲ್ಲಿ ಬರುವ ಜನ ಈಗಲೂ ದಿನಾ ಬೀದಿಯಲ್ಲಿ ಎದುರಾಗುತ್ತಾರೆ.

2018ರ ಆಗಸ್ಟ್‌ನಲ್ಲಿ ಚುನಾವಣೆ ಆಯಿತು, ಗೆದ್ದೆ. ಆದರೆ ಅಧ್ಯಕ್ಷ, ಉಪಾಧ್ಯಕ್ಷರ ಮೀಸಲಾತಿ ಪಟ್ಟಿ ಕೋರ್ಟ್ ಮೆಟ್ಟಿಲು ಹತ್ತಿತ್ತು. 2020ರ ಕೊನೆಯವರೆಗೂ ನಮಗೆ ಅಧ್ಯಕ್ಷರೇ ಇರಲಿಲ್ಲ. ಆಡಳಿತಾಧಿಕಾರಿಯೇ ಎಲ್ಲ ನೋಡಿಕೊಳ್ಳುತ್ತಿದ್ದರು. ವಾರ್ಡಿನ ಜನಕ್ಕೆ ಅದೆಲ್ಲ ಯಾಕೆ ಬೇಕು ಹೇಳಿ. "ಅಕ್ಕ, ಚರಂಡಿ ಕಟ್ಕೊಂಡದೆ, ವೋಟ್ ಹಾಕಿಲ್ವಾ ನಾವು" ಅಂತ ಬಾಗಿಲಿಗೆ ಬರುತ್ತಿದ್ದರು. ಸಭೆಯೇ ನಡೆಯದ ಮೇಲೆ ನಾನು ಎಲ್ಲಿ ಹೋಗಿ ಕೇಳಲಿ? ಆ ಎರಡು ವರ್ಷ ನನಗೆ ಈಗಲೂ ನೋವು ಕೊಡುತ್ತದೆ.

ಮೊದಲ ಬಜೆಟ್ ಸಭೆ 2021ರಲ್ಲಿ. ಒಳಗೆ ಹೋಗಿ ಕೂತ ಮೇಲೆ ಪುಸ್ತಕ ಕೈಗೆ ಬಂತು. ಅಧ್ಯಕ್ಷರು ಓದಿದರು. ಉಳಿತಾಯ ಬಜೆಟ್ ಅಂದರು. ಎಲ್ಲರೂ ಮೇಜು ಕುಟ್ಟಿದರು, ನಾನೂ ಕುಟ್ಟಿದೆ. ಉಪ್ಪಿಟ್ಟು, ಕೇಸರಿಬಾತ್ ಆಯಿತು. ಮುಕ್ಕಾಲು ಗಂಟೆಯಲ್ಲಿ ಊರಿನ ಒಂದು ವರ್ಷದ ದುಡ್ಡು ಪಾಸಾಗಿತ್ತು.

ಆ ರಾತ್ರಿ ಪುಸ್ತಕ ತೆಗೆದು ಕೂತೆ. ನಾನು ಓದಿದ್ದು ಎಸ್‌ಎಸ್‌ಎಲ್‌ಸಿ. ಆದರೆ ಸ್ತ್ರೀಶಕ್ತಿ ಸಂಘದ ಲೆಕ್ಕ ಹನ್ನೊಂದು ವರ್ಷ ಬರೆದಿದ್ದೇನೆ. ಬರಬೇಕಾದ ಕಂತು ಬೇರೆ, ಬಂದ ಕಂತು ಬೇರೆ ಅನ್ನುವುದು ನನಗೆ ಚೆನ್ನಾಗಿ ಗೊತ್ತು. ಹಾಗಾಗಿ ಮುಂದಿನ ವರ್ಷದ ಅಂದಾಜು ಇರುವ ಕಡೇ ಕಾಲಂ ಬಿಟ್ಟು, ಹಿಂದಿನ ವರ್ಷ ನಿಜವಾಗಿ ಬಂದದ್ದು, ನಿಜವಾಗಿ ಖರ್ಚಾದದ್ದು ಎಲ್ಲಿದೆ ಅಂತ ಹುಡುಕಿದೆ. ಅದೂ ಅದೇ ಪುಟದಲ್ಲಿತ್ತು, ಎಡಗಡೆ ಕಾಲಂನಲ್ಲಿ.

ಅಲ್ಲಿ ಬೇರೆಯದೇ ಊರು ಕಾಣಿಸಿತು. ಅಂದಾಜಿನಲ್ಲಿ ಮಳಿಗೆ ಬಾಡಿಗೆ ದೊಡ್ಡದು, ವಸೂಲಾದದ್ದು ಅದರ ಅರ್ಧವೂ ಇಲ್ಲ. ಅಭಿವೃದ್ಧಿ ಶುಲ್ಕ ಅಂತ ಪ್ರತಿ ವರ್ಷ ದಪ್ಪ ಅಂಕಿ ಬರೆಯುತ್ತಾರೆ, ಬರುವುದು ಚೂರುಪಾರು. ನಮ್ಮ ವಾರ್ಡಿನ ಪಾರ್ಕ್‌ಗೆ ಕಾಂಪೌಂಡ್ ಅಂತ ಮೂರು ವರ್ಷದಿಂದ ದುಡ್ಡು ಇಟ್ಟಿದ್ದಾರೆ, ಖರ್ಚಿನ ಜಾಗದಲ್ಲಿ ಮೂರು ವರ್ಷವೂ ಸೊನ್ನೆ. ಆದಾಯವನ್ನು ಹಿಗ್ಗಿಸಿ ಬರೆದರೆ ಕೆಲಸಗಳನ್ನೂ ಹಿಗ್ಗಿಸಿ ಬರೆಯಬಹುದು, ಎಲ್ಲ ವಾರ್ಡಿಗೂ ಒಂದೊಂದು ಸಾಲು ಸಿಗುತ್ತದೆ, ಯಾರೂ ಜಗಳ ಆಡುವುದಿಲ್ಲ. ವರ್ಷದ ಕೊನೆಗೆ ದುಡ್ಡಿಲ್ಲ ಅಂತ ಬಿಡುತ್ತಾರೆ.

ಉಳಿತಾಯ ಅಂತ ಹೇಳಿದ್ದೂ ಹಾಗೇ. ಆರಂಭಿಕ ಶಿಲ್ಕು ಅಂದರೆ ಹಿಂದಿನ ವರ್ಷದಿಂದ ಉಳಿದು ಬಂದ ದುಡ್ಡು. ಅದರಲ್ಲಿ ಬಹುಪಾಲು ಸರ್ಕಾರದ ಅನುದಾನ. ಇನ್ನೂ ಖರ್ಚಾಗದೆ ಕೂತಿರುವ ದುಡ್ಡು. 15ನೇ ಹಣಕಾಸು ಆಯೋಗದ ಹಣದಲ್ಲಿ ನಮ್ಮಂಥ ಪಟ್ಟಣಗಳಿಗೆ ಶೇ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಹಾಕಿದ್ದು. ಅದನ್ನು ತೆಗೆದು ರಸ್ತೆಗೆ ಹಾಕುವ ಹಾಗಿರಲಿಲ್ಲ. ತೆರಿಗೆಯ ಜೊತೆ ವಸೂಲಾಗುವ ಸೆಸ್ಸುಗಳೂ ನಮ್ಮದಲ್ಲ. ನೂರು ರೂಪಾಯಿ ಮನೆ ತೆರಿಗೆಯ ಮೇಲೆ ಗ್ರಂಥಾಲಯಕ್ಕೆ 6, ಭಿಕ್ಷುಕರ ಪುನರ್ವಸತಿಗೆ 3 ಅಂತ ಹಿಡಿದು ಆಯಾ ಇಲಾಖೆಗೆ ದಾಟಿಸಬೇಕು. ದಾಟಿಸದೆ ಇಟ್ಟುಕೊಂಡರೆ ಅದು ಉಳಿತಾಯ ಆಗುತ್ತಾ? ಸಂಘದಲ್ಲಿ ಯಾರಾದರೂ ಬ್ಯಾಂಕಿಗೆ ಕಟ್ಟಬೇಕಾದ ಕಂತನ್ನು ಲಾಭ ಅಂತ ತೋರಿಸಿದ್ದರೆ ನಾವು ಸುಮ್ನೆ ಬಿಡುತ್ತಿರಲಿಲ್ಲ.

ಮುಂದಿನ ವರ್ಷದಿಂದ ನಾನು ಒಂದು ಕೆಲಸ ಮಾಡಿದೆ. ಡಿಸೆಂಬರ್‌ನಲ್ಲೇ ಮುಖ್ಯಾಧಿಕಾರಿಗೆ ಕಾಗದ ಕೊಟ್ಟೆ. ನಮ್ಮ ವಾರ್ಡಿಗೆ ಇಟ್ಟಿದ್ದ ಪ್ರತಿ ಸಾಲಿಗೂ ಇದುವರೆಗೆ ಎಷ್ಟು ಖರ್ಚಾಗಿದೆ ಅಂತ ಬರೆದು ಕೊಡಿ ಅಂದೆ. ಬಜೆಟ್ ಪೂರ್ವಭಾವಿ ಸಭೆಗೆ ಅದನ್ನೇ ಹಿಡಿದುಕೊಂಡು ಹೋದೆ. ಆ ಸಭೆಗೆ ಸಾಮಾನ್ಯವಾಗಿ ನಾಲ್ಕು ಜನ ಬರುತ್ತಾರೆ, ಬೀದಿದೀಪ, ಬೀದಿನಾಯಿ ಅಂತ ಹೇಳಿ ಹೋಗುತ್ತಾರೆ. ನಾನು ಸಂಘದ ಇಪ್ಪತ್ತು ಹೆಂಗಸರನ್ನು ಕರೆದುಕೊಂಡು ಹೋದೆ. ಅವರು ಹೊಸದೇನೂ ಕೇಳಲಿಲ್ಲ. "ಹೋದ ವರ್ಷ ಇಟ್ಟ ದುಡ್ಡು ಯಾಕೆ ಖರ್ಚಾಗಲಿಲ್ಲ?" ಅಂತ ಒಂದೇ ಪ್ರಶ್ನೆ ಕೇಳಿದರು. ಉತ್ತರ ತಕ್ಷಣ ಸಿಗಲಿಲ್ಲ. ಆದರೆ ಲೆಕ್ಕದ ಗುಮಾಸ್ತರು ಆವತ್ತು ನನ್ನನ್ನು ಪಕ್ಕಕ್ಕೆ ಕರೆದು, "ಮೇಡಂ, ಶೇ 24.10ರ ಲೆಕ್ಕಾನೂ ಒಂದ್ಸಲ ನೋಡಿ" ಅಂದರು. ಅದು ಪರಿಶಿಷ್ಟ ಜಾತಿ, ಪಂಗಡದವರಿಗೆ ಎತ್ತಿಡಬೇಕಾದ ಪಾಲು. ನೋಡಿದೆ. ಅವರ ಕಾಲೋನಿಯ ಪಕ್ಕದಲ್ಲಿ ಹಾದುಹೋಗುವ ಮುಖ್ಯರಸ್ತೆಗೆ ಡಾಂಬರು ಹಾಕಿ ಅದರಲ್ಲಿ ತೋರಿಸಿದ್ದರು. ಕಾಲೋನಿಯೊಳಗೆ ಮಣ್ಣು ರಸ್ತೆಯೇ ಇತ್ತು. ಅದನ್ನು ಸಭೆಯಲ್ಲಿ ಎತ್ತಿದೆ, ಮರುವರ್ಷ ಒಳಗೆ ಕಾಂಕ್ರೀಟ್ ಬಿತ್ತು. ಆ ಗುಮಾಸ್ತರಿಗೆ ನಾನು ಋಣಿ.

ಇನ್ನು ಸಂತೆ ಸುಂಕ. ನಮ್ಮಲ್ಲಿ ಸುಂಕ ವಸೂಲಿ ಹಕ್ಕನ್ನು ವರ್ಷಕ್ಕೊಮ್ಮೆ ಹರಾಜು ಹಾಕುತ್ತಾರೆ. ದರ ನಿಗದಿ ಮಾಡುವುದು ನಾವು, ವಸೂಲಿ ಮಾಡುವುದು ಗುತ್ತಿಗೆದಾರರ ಹುಡುಗರು. ನಮ್ಮ ಠರಾವಿನಲ್ಲಿ ಒಂದು ಕುಕ್ಕೆ ಸೊಪ್ಪಿಗೆ 5 ರೂಪಾಯಿ ಅಂತ ಇತ್ತು. ಒಂದು ಮಂಗಳವಾರ ಬೆಳಿಗ್ಗೆ ಆರೂವರೆಗೆ ಸಂತೆಮಾಳಕ್ಕೆ ಹೋಗಿ ಸುಮ್ನೆ ನಿಂತೆ. ಒಬ್ಬ ಅಜ್ಜಿ ಗೋಣಿತಟ್ಟು ಹಾಸಿ, ಕೀರೆ, ದಂಟು, ಸಬ್ಬಕ್ಕಿ ಕಟ್ಟು ಜೋಡಿಸಿ, ನೀರು ಚಿಮುಕಿಸುತ್ತಿದ್ದರು. ಹುಡುಗ ಬಂದ. ಅಜ್ಜಿ ಸೀರೆ ಸೆರಗಿನ ಗಂಟು ಬಿಚ್ಚಿ ಎರಡು ಹತ್ತರ ನೋಟು ಕೊಟ್ಟರು. ಅವನು ಕೊಟ್ಟ ಚೀಟಿಯಲ್ಲಿ ಸೀಲ್ ಇತ್ತು, ಅಂಕಿ ಇರಲಿಲ್ಲ.

"ಎಷ್ಟು ಅಜ್ಜಿ?" ಅಂದೆ. "ಇಪ್ಪತ್ತು ಕಣವ್ವ. ಬೋಣಿ ಆಗಕ್ಕೂ ಮುಂಚೆನೇ ಕೊಡ್ಬೇಕು. ಇಲ್ದಿದ್ರೆ ತಟ್ಟು ಎಳೀತಾರೆ" ಅಂದರು.

ಆ ಗಂಟು ಬಿಚ್ಚಿದ ಕೈ ನನ್ನ ಕಣ್ಣಿಂದ ಹೋಗಲಿಲ್ಲ. ಅದೇ ವಾರ ಇಪ್ಪತ್ತೇಳು ಚೀಟಿ ಕೂಡಿಸಿದೆ. ಒಂದರಲ್ಲೂ ಅಂಕಿ ಇಲ್ಲ. ಸಭೆಯಲ್ಲಿ ಮೇಜಿನ ಮೇಲೆ ಹರಡಿದೆ. ಕೆಲವು ಸದಸ್ಯರು, "ದರ ಬಿಗಿ ಮಾಡಿದರೆ ಹರಾಜಿನಲ್ಲಿ ಯಾರೂ ಕೂಗಲ್ಲ, ಪುರಸಭೆಗೆ ನಷ್ಟ" ಅಂದರು. ಆ ಮಾತಿನಲ್ಲಿ ಸತ್ಯವೂ ಇತ್ತು, ಮುಂದಿನ ಹರಾಜಿನಲ್ಲಿ ಮೊತ್ತ ಕಡಿಮೆಯೇ ಆಯಿತು. ಆದರೆ ಆ ಹೆಚ್ಚಿನ ದುಡ್ಡು ಬರುತ್ತಿದ್ದದ್ದು ಎಲ್ಲಿಂದ? ಕುಕ್ಕೆ ಹೊತ್ತು ಬಂದವರಿಂದ. ಅದೇ ಹೊತ್ತಿನಲ್ಲಿ ಬಸ್ ಸ್ಟ್ಯಾಂಡ್ ಮಳಿಗೆಗಳ ಬಾಡಿಗೆ ವರ್ಷಗಟ್ಟಲೆ ಬಾಕಿ ಇತ್ತು, ಅಲ್ಲಿ ಯಾರೂ ತಟ್ಟು ಎಳೆಯುತ್ತಿರಲಿಲ್ಲ. ನಾನು ಇದನ್ನೇ ಹೇಳಿದೆ. ಕೊನೆಗೆ ಸಂತೆಮಾಳದ ಎರಡೂ ಬಾಗಿಲಲ್ಲಿ ದರದ ಬೋರ್ಡ್ ಹಾಕಬೇಕು, ಅಂಕಿ ಅಚ್ಚಾದ ಚೀಟಿಯನ್ನೇ ಕೊಡಬೇಕು ಅಂತ ಹರಾಜಿನ ಷರತ್ತಿಗೆ ಸೇರಿತು. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40 ಜನ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಇದು ಗೊತ್ತಿದ್ದರೆ ಇನ್ನೂ ಮೊದಲೇ ಜಗಳ ಆಡಬಹುದಿತ್ತು.

ನೀರಿನ ದರದಲ್ಲಿ ನಾನು ಜನ ಮೆಚ್ಚದ ಕೆಲಸ ಮಾಡಿದೆ, ಏರಿಕೆಗೆ ಕೈ ಎತ್ತಿದೆ. ಕಾವೇರಿಯಿಂದ ನೀರೆತ್ತುವ ಮೋಟಾರಿನ ಸೆಸ್ಕ್ ಕರೆಂಟ್ ಬಿಲ್ ಒಂದು ಕಡೆ, ನೀರಿನ ಶುಲ್ಕದ ವಸೂಲಿ ಇನ್ನೊಂದು ಕಡೆ ಇಟ್ಟು ನೋಡಿದರೆ ಬೇರೆ ದಾರಿ ಇರಲಿಲ್ಲ. ಮನೆ ತೆರಿಗೆಯಲ್ಲಿ ಸ್ವಲ್ಪ ಸುಲಭ ಆಯಿತು. ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ 5 ರಿಯಾಯಿತಿ ಇದೆ ಅಂತ ಬಹಳ ಜನಕ್ಕೆ ಗೊತ್ತೇ ಇರಲಿಲ್ಲ. ಮಾರಿಗುಡಿ ಮುಂದೆ ಭಾನುವಾರ ಮೇಜು ಹಾಕಿಸಿ, ಬಿಲ್ ಕಲೆಕ್ಟರನ್ನು ಕೂರಿಸಿದೆ. ಜನ ತಾವಾಗಿ ಬಂದು ಕಟ್ಟಿದರು.

ಪಾರ್ಕಿನ ವಿಷಯ ಮಾತ್ರ ನನ್ನನ್ನು ಹಿಂಡಿಹಾಕಿತು.

ನಮ್ಮ ಬಡಾವಣೆಯ ನಡುವೆ ಒಂದು ಖಾಲಿ ಜಾಗ. ಎರಡು ಹೊಂಗೆ ಮರ. ಸಂಜೆ ಹುಡುಗರು ಕ್ರಿಕೆಟ್ ಆಡುತ್ತಾರೆ, ಸುಗ್ಗಿಯಲ್ಲಿ ಹುರುಳಿ ಒಣಹಾಕುತ್ತಾರೆ. ಒಂದು ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಹದಿನೆಂಟು ವಿಷಯ ಇದ್ದವು. ಕಡೆಯದ್ದು ಯಾವಾಗಲೂ ಇರುವ ಸಾಲು: ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು. ಊಟದ ಹೊತ್ತಾಗಿತ್ತು, ಅರ್ಧ ಜನ ಎದ್ದಿದ್ದರು. ಆಗ ಆ ಜಾಗವನ್ನು ಒಂದು ಸಂಘದ ಸಮುದಾಯ ಭವನಕ್ಕೆ ಕೊಡುವ, ರಸ್ತೆ ಕಡೆಗೆ ಮಳಿಗೆ ಕಟ್ಟುವ ವಿಷಯ ಓದಿದರು. ನಾನು ಎದ್ದು ವಿರೋಧ ಹೇಳಿದೆ.

ಮುಂದಿನ ಸಭೆಯಲ್ಲಿ ಹಿಂದಿನ ನಡಾವಳಿ ಓದಿದಾಗ, "ಸರ್ವಾನುಮತದಿಂದ ತೀರ್ಮಾನಿಸಲಾಯಿತು" ಅಂತ ಇತ್ತು.

ಆದರೆ ವಿರೋಧ ಹೇಳಿದ ದಿನವೇ ಸಂಜೆ ಅದನ್ನು ಬರೆದು, ಟಪಾಲು ವಿಭಾಗದಲ್ಲಿ ಕೊಟ್ಟು, ನನ್ನ ಪ್ರತಿಗೆ ಸೀಲ್ ಹಾಕಿಸಿಕೊಂಡಿದ್ದೆ. ಸಂಘದ ಅಭ್ಯಾಸ ಅದು, ಬ್ಯಾಂಕಿನಲ್ಲಿ ಕೌಂಟರ್‌ಫಾಯಿಲ್ ಇಲ್ಲದೆ ಎದ್ದು ಬರುತ್ತಿರಲಿಲ್ಲ. ಆ ಪ್ರತಿ ತೋರಿಸಿದ ಮೇಲೆ ನಡಾವಳಿ ತಿದ್ದಲೇಬೇಕಾಯಿತು. ಹೊಸದಾಗಿ ಸದಸ್ಯರಾಗುವವರಿಗೆ ನಾನು ಹೇಳುವ ಮಾತು ಇದೊಂದೇ: ಬಾಯಲ್ಲಿ ಹೇಳಿ ಕೂರಬೇಡಿ, ಬರೆದು ಕೊಟ್ಟು ಸೀಲ್ ಹಾಕಿಸಿಕೊಳ್ಳಿ.

ಆಮೇಲೆ ಬಡಾವಣೆಯ ಅನುಮೋದಿತ ನಕ್ಷೆ ಕೇಳಿದೆ. ಸಿಕ್ಕಲು ಎರಡು ತಿಂಗಳಾಯಿತು. ನೀಲಿ ಹಾಳೆ ಮಡಿಕೆ ಮಡಿಕೆಯಲ್ಲಿ ಹರಿದಿತ್ತು, ಆದರೂ ಆ ಜಾಗದ ಮೇಲೆ ಉದ್ಯಾನ ಅಂತ ಸ್ಪಷ್ಟವಾಗಿ ಬರೆದಿತ್ತು. ನಮ್ಮ ವಾರ್ಡಿನ ವಕೀಲರೊಬ್ಬರು ದಾರಿ ತೋರಿಸಿದರು. ಕರ್ನಾಟಕದಲ್ಲಿ ಉದ್ಯಾನ, ಆಟದ ಮೈದಾನ, ಬಯಲು ಜಾಗಗಳ ಸಂರಕ್ಷಣೆಗೇ 1985ರ ಕಾಯ್ದೆ ಇದೆ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕ್ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ಅಕ್ಕಪಕ್ಕದ ನಿವಾಸಿಗಳು ಕೋರ್ಟಿಗೆ ಹೋದರು, 1991ರಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ಆಸ್ಪತ್ರೆಗೇ ಕೊಡುವ ಹಾಗಿಲ್ಲ ಅಂದ ಮೇಲೆ ಮಳಿಗೆಗೆ ಹೇಗೆ ಕೊಡುತ್ತಾರೆ?

ಅರ್ಜಿ ಹಾಕುವ ಮೊದಲು ಜಾಗ ಅಳೆಯೋಣ ಅಂದುಕೊಂಡೆವು. ಗಾರೆ ಮೇಸ್ತ್ರಿಯೊಬ್ಬರ ಟೇಪು ತಂದು ಭಾನುವಾರ ಹಿಡಿದೆವು. ನಕ್ಷೆಯಲ್ಲಿ 120 ಅಡಿಗೆ 90 ಅಡಿ. ಟೇಪಿನಲ್ಲಿ 120 ಅಡಿಗೆ 76. ಎರಡು ಸಲ ಅಳೆದೆವು, ಅಷ್ಟೇ. ಹದಿನಾಲ್ಕು ಅಡಿ ಪಕ್ಕದ ಮನೆಯವರ ಕಾಂಪೌಂಡ್ ಒಳಗಿತ್ತು.

ಆ ಮನೆಯವರು ನನ್ನ ಚುನಾವಣೆಗೆ ಮನೆಮನೆ ತಿರುಗಿದವರು. ಅವರ ಯಜಮಾನರನ್ನು ನಾನು ಅಣ್ಣ ಅಂತಲೇ ಕರೆಯುವುದು. ಟೇಪಿನ ತುದಿ ಹಿಡಿದಿದ್ದ ಹುಡುಗ ನನ್ನ ಮುಖ ನೋಡಿದ. ಎಲ್ಲರೂ ನೋಡಿದರು. ಭವನ ಬೇಡ ಅನ್ನುವುದು, ಈ ಹದಿನಾಲ್ಕು ಅಡಿ ಬಗ್ಗೆ ಬಾಯಿ ಮುಚ್ಚುವುದು, ಎರಡೂ ಒಟ್ಟಿಗೆ ಆಗುವ ಮಾತಲ್ಲ. ಸಂಜೆ ಅವರ ಮನೆಗೆ ಹೋಗಿ, "ಅಣ್ಣ, ಅರ್ಜಿಯಲ್ಲಿ ಇದನ್ನೂ ಬರೀತೀನಿ" ಅಂದೆ. ಅವರು ಏನೂ ಮಾತಾಡಲಿಲ್ಲ. ಅತ್ತಿಗೆ ತಂದ ಕಾಫಿ ಅಲ್ಲೇ ಆರಿತು.

ಜಿಲ್ಲಾಧಿಕಾರಿಗೆ ಅರ್ಜಿ ಕೊಟ್ಟೆವು. ಪುರಸಭೆಯ ಠರಾವನ್ನು ತಡೆಹಿಡಿಯುವ ಅಧಿಕಾರ 1964ರ ಪೌರಸಭೆ ಕಾಯ್ದೆಯಲ್ಲಿ ಅವರಿಗೆ ಇದೆ. ನಕ್ಷೆಯ ಪ್ರತಿ, ಅಳತೆ, ನನ್ನ ಸೀಲ್ ಹಾಕಿದ ಕಾಗದ, ಅರವತ್ತು ಮನೆಯ ಸಹಿ. ಮಂಡ್ಯಕ್ಕೆ ಏಳು ಸಲ ಬಸ್ಸಲ್ಲಿ ಹೋಗಿಬಂದೆ. ಠರಾವಿಗೆ ತಡೆ ಸಿಕ್ಕಿತು. ಸರ್ವೆ ಆಯಿತು, ಒತ್ತುವರಿ ಅಂತ ಬರೆದರು. ಪಕ್ಕದ ಮನೆಯವರು ತಾವೇ ಗೋಡೆ ಒಡೆದು ಹಿಂದಕ್ಕೆ ಕಟ್ಟಿಕೊಂಡರು. ಎರಡು ವರ್ಷ ನಮ್ಮ ಮನೆ ಕಡೆ ತಿರುಗಿ ನೋಡಲಿಲ್ಲ. ಮಗಳ ಮದುವೆಗೆ ಕರೆಯಲಿಲ್ಲ. ಅವರ ಮೇಲೆ ನನಗೆ ಕೋಪ ಇಲ್ಲ. ದುಃಖ ಇದೆ.

2023ರಲ್ಲಿ ಮೊದಲ ಅವಧಿಯ ಅಧ್ಯಕ್ಷರ ಕಾಲ ಮುಗಿದು, ಮತ್ತೆ ಮೀಸಲಾತಿ ಪಟ್ಟಿಗೆ ಕಾದು, ಮತ್ತೆ ಆಡಳಿತಾಧಿಕಾರಿ ಬಂದರು. 2024ರ ಆಗಸ್ಟ್‌ನಲ್ಲಿ ಪಟ್ಟಿ ಹೊರಬಿತ್ತು. ಹೀಗೆ 2020ರ ಕೊನೆಯಲ್ಲಿ ಶುರುವಾದ ನಮ್ಮ ಐದು ವರ್ಷದ ಅವಧಿಯಲ್ಲಿ ಒಂದು ವರ್ಷಕ್ಕೂ ಜಾಸ್ತಿ ಸಮಯ ನಮ್ಮ ಕೈಯಲ್ಲಿ ಇರಲಿಲ್ಲ. ಆ ಅವಧಿಯಲ್ಲೂ ಡಿಸೆಂಬರ್‌ನ ಕಾಗದ ಕೊಡುವುದನ್ನು ಮಾತ್ರ ಬಿಡಲಿಲ್ಲ.

ನಮ್ಮ ಕೊನೆಯ ಬಜೆಟ್ ಸಭೆ 2025ರಲ್ಲಿ ನಡೆಯಿತು. ಪುಸ್ತಕ ಕೈಗೆ ಬಂದ ತಕ್ಷಣ ನಮ್ಮ ವಾರ್ಡಿನ ಪುಟ ತೆಗೆದೆ. ಪಾರ್ಕ್ ಕಾಂಪೌಂಡ್ ಅನ್ನುವ ಸಾಲಿನ ಮುಂದೆ, ಖರ್ಚಿನ ಕಾಲಂನಲ್ಲಿ, ಮೊದಲ ಸಲ ಒಂದು ಅಂಕಿ ಇತ್ತು. ಗೇಟು ಇನ್ನೂ ಆಗಿರಲಿಲ್ಲ. ಅದನ್ನು ಅಲ್ಲೇ ಕೂತು ಬರೆದು, ಟಪಾಲಿಗೆ ಕೊಟ್ಟು, ಸೀಲ್ ಹಾಕಿಸಿಕೊಂಡು ಬಂದೆ.