ಬ್ರೇಕ್ ಬೂಸ್ಟರಿನ ಪುಶ್‌ರಾಡ್: ಅರ್ಧ ಮಿಲಿಮೀಟರ್ ಸಂದನ್ನು ಸರಿಪಡಿಸುವ ಬಗೆ

ಹಳೆಯ ಕಾರಿಗೆ ಹೊಸ ಮಾಸ್ಟರ್ ಸಿಲಿಂಡರನ್ನೋ (ಪೆಡಲಿನ ಒತ್ತಡವನ್ನು ಬ್ರೇಕ್ ಆಯಿಲಿನ ಮೂಲಕ ಚಕ್ರಗಳಿಗೆ ದಾಟಿಸುವ ಭಾಗ) ರಿಪೇರಿಯಾದ ಬೂಸ್ಟರನ್ನೋ (ವ್ಯಾಕ್ಯೂಮಿನ, ಎಂದರೆ ನಿರ್ವಾತದ, ಬಲದಿಂದ ಆ ಒತ್ತಡವನ್ನು ಹೆಚ್ಚಿಸುವ ಭಾಗ) ಕೂರಿಸಿದ ಮೇಲೆ, ಹೊರಡುವಾಗ ಸರಿಯಾಗಿದ್ದ ಬ್ರೇಕು ಹದಿನೈದಿಪ್ಪತ್ತು ಕಿಲೋಮೀಟರ್ ಓಡುವಷ್ಟರಲ್ಲಿ ತಾನಾಗಿಯೇ ಹಿಡಿದುಕೊಳ್ಳತೊಡಗಿದರೆ, ಮೊದಲು ನೋಡಬೇಕಾದದ್ದು ಬೂಸ್ಟರಿನ ಪುಶ್‌ರಾಡಿನ ಉದ್ದವನ್ನು. ನನ್ನ ಕಾಂಟೆಸಾದಲ್ಲಿ ಆದದ್ದೂ ಇದೇ. ಸಿಲಿಂಡರ್ ಬದಲಿಸಿದವರು ರಾಡನ್ನು ಅಳೆಯದೆ ನಟ್ಟು ಬಿಗಿದಿದ್ದರು. ಚಾರ್ಮಾಡಿ ಘಾಟಿ ಇನ್ನೂ ದೂರವಿರುವಾಗಲೇ ಪೆಡಲ್ ಕಲ್ಲಿನಂತೆ ಗಟ್ಟಿಯಾಗಿ, ಮುಂದಿನ ಚಕ್ರಗಳಿಂದ ಸುಟ್ಟ ವಾಸನೆ ಬರತೊಡಗಿತು. ಘಾಟಿಯ ಇಳಿಜಾರಿನಲ್ಲಿ ಹೀಗಾಗಿದ್ದರೆ ಏನಾಗುತ್ತಿತ್ತೆಂದು ಈಗಲೂ ಯೋಚಿಸುತ್ತೇನೆ.

ಬೂಸ್ಟರಿನ ಎದುರಿಗೆ ಹೊರಚಾಚಿರುವ ಈ ರಾಡು ಮಾಸ್ಟರ್ ಸಿಲಿಂಡರಿನ ಪಿಸ್ಟನ್ನನ್ನು ತಳ್ಳುತ್ತದೆ. ಪೆಡಲ್ ಬಿಟ್ಟಾಗ ಪಿಸ್ಟನ್ ಪೂರ್ತಿ ಹಿಂದಕ್ಕೆ ಸರಿದರೆ ಮಾತ್ರ ಸಿಲಿಂಡರಿನೊಳಗಿನ ಸೂಜಿಮೊನೆಯಂಥ ಒಂದು ರಂಧ್ರ ತೆರೆದುಕೊಂಡು, ಬಿಸಿಯಾಗಿ ಹಿಗ್ಗಿದ ಬ್ರೇಕ್ ಆಯಿಲ್ ಮೇಲಿನ ಡಬ್ಬಿಗೆ ಮರಳುತ್ತದೆ. ರಾಡು ಉದ್ದವಾದರೆ ಪಿಸ್ಟನ್ನಿನ ರಬ್ಬರ್ ಸೀಲು ಆ ರಂಧ್ರವನ್ನು ಮುಚ್ಚಿಯೇ ಇರುವುದರಿಂದ ಆಯಿಲ್ ಹಿಗ್ಗಿದಷ್ಟೂ ಬ್ರೇಕು ಬಿಗಿಯುತ್ತದೆ, ಬಿಗಿದಷ್ಟೂ ಇನ್ನಷ್ಟು ಬಿಸಿಯೇರುತ್ತದೆ. ರಾಡು ಗಿಡ್ಡವಾದರೆ ಪೆಡಲ್ ಸುಮ್ಮನೆ ಕೆಳಗಿಳಿದ ಮೇಲಷ್ಟೇ ಬ್ರೇಕು ಹಿಡಿಯುತ್ತದೆ.

ದೋಷ ರಾಡಿನದೇ ಎಂದು ಖಚಿತಪಡಿಸಿಕೊಳ್ಳಲು ಸುಲಭವಾದ ದಾರಿಯಿದೆ. ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದಿನ ಚಕ್ರವೊಂದನ್ನು ಜಾಕಿನಿಂದ ಎತ್ತಿ, ಬ್ರೇಕು ತಾನಾಗಿ ಹಿಡಿದುಕೊಂಡಿರುವಾಗಲೇ ಸಿಲಿಂಡರನ್ನು ಬೂಸ್ಟರಿಗೆ ಬಿಗಿದಿರುವ ಎರಡು ನಟ್ಟುಗಳನ್ನು ಎರಡು ಸುತ್ತು ಸಡಿಲಿಸಿ, ಸಿಲಿಂಡರನ್ನು ತುಸು ಮುಂದಕ್ಕೆ ಎಳೆಯಿರಿ. ಚಕ್ರ ಬಿಟ್ಟುಕೊಂಡರೆ ರಾಡು ಉದ್ದವಾಗಿದೆ, ಇಲ್ಲವೇ ಪೆಡಲೇ ಪೂರ್ತಿ ಹಿಂದಿರುಗುತ್ತಿಲ್ಲ. ಆದ್ದರಿಂದ ಬ್ರೇಕ್ ಲೈಟಿನ ಸ್ವಿಚ್ಚು ಪೆಡಲನ್ನು ಒತ್ತಿಹಿಡಿದಿದೆಯೇ ಎಂಬುದನ್ನೂ ನೋಡಬೇಕು. ಚಕ್ರ ಬಿಡದಿದ್ದರೆ ಹೋಸ್ ಪೈಪು, ಚಕ್ರದ ಬಳಿ ಬ್ರೇಕ್ ಪ್ಯಾಡುಗಳನ್ನು ಒತ್ತುವ ಕ್ಯಾಲಿಪರುಗಳ ಕಡೆ ಹುಡುಕಿ. ನಟ್ಟು ಸಡಿಲವಿರುವಾಗ ಕಾರು ಓಡಿಸುವ ಯೋಚನೆಯನ್ನೇ ಮಾಡಬಾರದು.

ಕೆಲಸಕ್ಕಿಳಿಯುವ ಮೊದಲು ಎಂಜಿನ್ ಆರಿಸಿ, ಪೆಡಲನ್ನು ನಾಲ್ಕೈದು ಬಾರಿ ಒತ್ತಿ ಬೂಸ್ಟರಿನ ವ್ಯಾಕ್ಯೂಮ್ ಖಾಲಿ ಮಾಡಿ. ಬಳಿಕ ಎರಡೂ ನಟ್ಟುಗಳನ್ನು ಕಳಚಿ ಸಿಲಿಂಡರನ್ನು ಮೆಲ್ಲನೆ ಮುಂದಕ್ಕೆ ಸರಿಸಿ. ಹಲವು ಕಾರುಗಳಲ್ಲಿ ಪೈಪುಗಳು ಅಷ್ಟರ ಮಟ್ಟಿಗೆ ಬಾಗುವುದರಿಂದ ಅವುಗಳನ್ನು ಬಿಚ್ಚುವ, ಆಮೇಲೆ ಏರ್ ತೆಗೆಯುವ ಕೆಲಸ ತಪ್ಪುತ್ತದೆ. ಸಿಲಿಂಡರ್ ಕಳಚಿರುವಾಗ ಯಾರೂ ಪೆಡಲ್ ಮುಟ್ಟಬಾರದು. ರಾಡನ್ನು ಹೊರಗೆ ಎಳೆಯಲೂ ಬಾರದು: ಅದರ ಬುಡದಲ್ಲಿ ಒಂದು ಚಿಕ್ಕ ರಬ್ಬರ್ ಬಿಲ್ಲೆಯಿರುತ್ತದೆ, ಅದು ಜಾರಿ ಬೂಸ್ಟರಿನೊಳಗೆ ಬಿದ್ದರೆ ಪೆಡಲ್ ತುಸು ಮುಟ್ಟಿದರೂ ಬ್ರೇಕು ಗಕ್ಕನೆ ಹಿಡಿಯುತ್ತದೆ.

ಈಗ ಅಳತೆ. ಅವಸರ ಸಲ್ಲದ ಘಟ್ಟ ಇದೇ. ವರ್ನಿಯರ್ ಎಂಬ ಸೂಕ್ಷ್ಮ ಅಳತೆಯ ಸಾಧನದ ಬಾಲದಿಂದ (ಆಳ ಅಳೆಯಲು ಹಿಂತುದಿಯಲ್ಲಿ ಹೊರಬರುವ ಕಡ್ಡಿ), ಸಿಲಿಂಡರಿನ ಹಿಂತುದಿಯಿಂದ ಪಿಸ್ಟನ್ನಿನ ಕುಳಿಯ ತಳದವರೆಗಿನ ಆಳವನ್ನು ಅಳೆಯಿರಿ. ಅದು 30 ಮಿ.ಮೀ. ಎಂದಿಟ್ಟುಕೊಳ್ಳೋಣ. ಬೂಸ್ಟರಿಗೆ ತಾಗುವ ಮುಖದಿಂದ ಸಿಲಿಂಡರಿನ ಬಾಲ 6 ಮಿ.ಮೀ. ಹಿಂದಕ್ಕೆ ಚಾಚಿದ್ದರೆ ಉಳಿಯುವುದು 24 ಮಿ.ಮೀ. ನಡುವೆ ಗ್ಯಾಸ್ಕೆಟ್ ಇದ್ದರೆ ಅದರ ದಪ್ಪವನ್ನು ಇದಕ್ಕೆ ಕೂಡಿಸಬೇಕು. ಆಮೇಲೆ ಬೂಸ್ಟರಿನ ಮುಖದಿಂದ ರಾಡಿನ ತುದಿಯವರೆಗೆ ಅಳೆಯಿರಿ. ಅದು 24.3 ಮಿ.ಮೀ. ಬಂದರೆ, ಕೂರಿಸಿದೊಡನೆ ರಾಡು ಪಿಸ್ಟನ್ನನ್ನು 0.3 ಮಿ.ಮೀ. ಒತ್ತಿರುತ್ತದೆ. ನಮಗೆ ಬೇಕಾದದ್ದು ರಾಡಿನ ತುದಿಗೂ ಪಿಸ್ಟನ್ನಿಗೂ ನಡುವೆ ಸುಮಾರು 0.5 ಮಿ.ಮೀ. ಸಂದು, ಎಂದರೆ ಎಟಿಎಂ ಕಾರ್ಡಿನ ದಪ್ಪಕ್ಕಿಂತಲೂ ಕಡಿಮೆ. ನಿಮ್ಮ ಕಾರಿನ ಮ್ಯಾನ್ಯುಯಲ್ ಬೇರೆ ಅಂಕಿ ಹೇಳಿದರೆ ಅದನ್ನೇ ಪಾಲಿಸಿ. ಜಪಾನಿನ ಕೆಲವು ತಯಾರಕರು ಬೂಸ್ಟರಿಗೆ ಪಾದರಸದ 500 ಮಿ.ಮೀ. ಮಟ್ಟದ ವ್ಯಾಕ್ಯೂಮ್ ಕೊಟ್ಟೇ ಅಳೆಯಬೇಕೆನ್ನುತ್ತಾರೆ.

ರಾಡಿನ ಗೀರುಗಳಿರುವ ಭಾಗವನ್ನು ಪಕ್ಕಡದಿಂದ ಅಲುಗದಂತೆ ಹಿಡಿದು, ತುದಿಯ ಬೋಲ್ಟನ್ನು ಸ್ಪ್ಯಾನರಿನಿಂದ ಒಳಕ್ಕೆ ತಿರುಗಿಸಿದರೆ ರಾಡು ಗಿಡ್ಡವಾಗುತ್ತದೆ. ಅದು 1 ಮಿ.ಮೀ. ಪಿಚ್ಚಿನ ಬೋಲ್ಟಾದರೆ ಒಂದು ಸುತ್ತಿಗೆ 1 ಮಿ.ಮೀ.; ಮೇಲಿನ ಲೆಕ್ಕದಂತೆ 0.8 ಮಿ.ಮೀ. ತಗ್ಗಿಸಲು ಮುಕ್ಕಾಲು ಸುತ್ತಿಗಿಂತ ಚೂರು ಹೆಚ್ಚು ತಿರುಗಿಸಬೇಕು. ತಿರುಗಿಸಿ, ಮತ್ತೆ ಅಳೆಯಿರಿ.

ನಾನು ಇಷ್ಟಕ್ಕೇ ನಂಬಿ ಕೂರುವುದಿಲ್ಲ. ಮಕ್ಕಳು ಆಡುವ ಬಣ್ಣದ ಜೇಡಿಯ ಚಿಕ್ಕ ಉಂಡೆಯನ್ನು ತೆಳುವಾದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ರಾಡಿನ ತುದಿಗಿಟ್ಟು, ಸಿಲಿಂಡರನ್ನು ಪೂರ್ತಿ ಬಿಗಿದು ಕಳಚಿ, ಚಪ್ಪಟೆಯಾದ ಜೇಡಿಯ ಅತಿ ತೆಳುವಾದ ಜಾಗವನ್ನು ಅಳೆಯುತ್ತೇನೆ. ಜೇಡಿ ತೂತಾಗಿದ್ದರೆ ಸಂದೇ ಇಲ್ಲವೆಂದು ಅರ್ಥ. ರಾಡು ಎಷ್ಟು ಹೆಚ್ಚು ಉದ್ದವಿದೆಯೆಂಬುದು ಮಾತ್ರ ಅದರಿಂದ ತಿಳಿಯದು.

ಕೊನೆಗೆ ಎಲ್ಲವನ್ನೂ ಬಿಗಿದು, ಆಯಿಲ್ ಡಬ್ಬಿಯ ಮುಚ್ಚಳ ತೆಗೆದು, ಇನ್ನೊಬ್ಬರಿಂದ ಪೆಡಲನ್ನು ಮೆಲ್ಲನೆ ಒತ್ತಿಸಿ. ಮುಖವನ್ನು ದೂರವಿಟ್ಟುಕೊಳ್ಳಿ. ಒತ್ತಲು ಶುರುಮಾಡಿದ ಕ್ಷಣದಲ್ಲೇ ಆಯಿಲಿನಲ್ಲಿ ಸಣ್ಣ ಚಿಲುಮೆ ಎದ್ದರೆ ರಂಧ್ರ ತೆರೆದಿದೆ. ಬಣ್ಣದ ಮೇಲೆ ಆಯಿಲ್ ಚೆಲ್ಲಿದ್ದರೆ ತಕ್ಷಣ ನೀರಿನಿಂದ ತೊಳೆಯಿರಿ, ಅದು ಪೇಂಟನ್ನು ತಿನ್ನುತ್ತದೆ. ವಾಹನಸಂಚಾರ ಕಡಿಮೆಯಿರುವ ರಸ್ತೆಯಲ್ಲಿ ಹತ್ತು ಹನ್ನೆರಡು ಕಿಲೋಮೀಟರ್ ಓಡಿಸಿ, ಆಗಾಗ ಬ್ರೇಕು ಹಾಕುತ್ತ ಬಂದು, ಬಿಸಿ ಆರುವ ಮೊದಲೇ ಮುಂದಿನ ಚಕ್ರಗಳನ್ನು ಜಾಕಿನಿಂದ ಎತ್ತಿ ಕೈಯಿಂದ ತಿರುಗಿಸಿ ನೋಡಿ, ಸಲೀಸಾಗಿ ತಿರುಗಬೇಕು.