ವಿದೇಶದಲ್ಲಿ ಕಾರ್ಡ್ ಬಳಸುವಾಗ ಅಲ್ಲಿನ ಕರೆನ್ಸಿಯನ್ನೇ ಆರಿಸಿ
ವಿದೇಶದ ಅಂಗಡಿಯಲ್ಲಿ ಕಾರ್ಡ್ ಕೊಟ್ಟಾಗಲೋ ಎಟಿಎಂನಿಂದ ಹಣ ತೆಗೆಯುವಾಗಲೋ ಯಂತ್ರವು ‘ನಿಮ್ಮ ದೇಶದ ಹಣದಲ್ಲಿ ಪಾವತಿಸುತ್ತೀರಾ, ಇಲ್ಲಿನ ಹಣದಲ್ಲೋ?’ ಎಂದು ಕೇಳಿದರೆ ಅಲ್ಲಿನ ಹಣವನ್ನೇ ಆರಿಸಿ. ನಮ್ಮ ಹಣದಲ್ಲಿ ಮೊತ್ತ ಕಂಡರೆ ನೆಮ್ಮದಿಯೇನೋ ಹೌದು. ಆದರೆ ಹಾಗೆ ಪರಿವರ್ತಿಸುವ ದರವನ್ನು ನಿಗದಿಪಡಿಸುವವರು ಅಂಗಡಿಯ ಬ್ಯಾಂಕಿನವರು ಅಥವಾ ಎಟಿಎಂ ನಡೆಸುವವರು, ತಮ್ಮ ಲಾಭವನ್ನು ಅದರೊಳಗೇ ಸೇರಿಸಿರುತ್ತಾರೆ. ಅಲ್ಲಿನ ಹಣವನ್ನು ಆರಿಸಿದರೆ ಲೆಕ್ಕವು ವೀಸಾ, ಮಾಸ್ಟರ್‌ಕಾರ್ಡ್‌ನಂಥ ಕಾರ್ಡ್ ಜಾಲದ ದರದಲ್ಲಿ ನಡೆಯುತ್ತದೆ, ಅದು ಸಾಮಾನ್ಯವಾಗಿ ಮಾರುಕಟ್ಟೆಯ ದರಕ್ಕೆ ಹತ್ತಿರವಿರುತ್ತದೆ. ಎಟಿಎಂ ಪರದೆಯಲ್ಲಿ ‘ಪರಿವರ್ತನೆ ಬೇಡ’ ಎಂದು ಒತ್ತಿದರೆ ವ್ಯವಹಾರವೇ ರದ್ದಾದೀತೆಂದು ಹೆದರಬೇಡಿ. ಹೆದರಲಿ ಎಂಬಂತೆಯೇ ಬರೆದಿರುತ್ತಾರೆ, ಆದರೂ ಹಣ ಬರುತ್ತದೆ. ಕೆಲವೊಮ್ಮೆ ಅಂಗಡಿಯವರು ಕೇಳದೆಯೇ ಗುಂಡಿ ಒತ್ತಿಬಿಡುತ್ತಾರೆ. ರಸೀದಿಯಲ್ಲಿ ನಿಮ್ಮ ದೇಶದ ಹಣ ಕಂಡರೆ ಅಲ್ಲಿಂದ ಕದಲುವ ಮೊದಲೇ ರದ್ದುಮಾಡಿಸಿ, ಮತ್ತೆ ಮಾಡಿಸಿ. ನಿಮ್ಮ ಬ್ಯಾಂಕು ವಿಧಿಸುವ ವಿದೇಶಿ ವಹಿವಾಟಿನ ಶುಲ್ಕವಾಗಲಿ ಎಟಿಎಂ ಬಳಕೆಯ ಶುಲ್ಕವಾಗಲಿ ಇದರಿಂದ ತಪ್ಪುವುದಿಲ್ಲ. ಎಟಿಎಂ ಶುಲ್ಕ ಪ್ರತಿ ಸಲಕ್ಕೂ ಬೀಳುವಂತಿದ್ದರೆ ಚಿಲ್ಲರೆ ಚಿಲ್ಲರೆಯಾಗಿ ತೆಗೆಯದೆ ಬೇಕಾದಷ್ಟನ್ನು ಒಮ್ಮೆಗೇ ತೆಗೆಯಿರಿ. ನೋಟು ಬದಲಿಸುವ ಕೌಂಟರಿನಲ್ಲಂತೂ ಅಲ್ಲಿನ ಹಣವನ್ನು ಆರಿಸುವ ಈ ಉಪಾಯ ನಡೆಯುವುದೇ ಇಲ್ಲ. ಅಲ್ಲಿ ‘ಕಮಿಷನ್ ಇಲ್ಲ’ ಎಂಬ ಫಲಕವನ್ನು ನಂಬದೆ, ಇಷ್ಟು ಕೊಟ್ಟರೆ ಕೈಗೆ ಎಷ್ಟು ಬರುತ್ತದೆ ಎಂದಷ್ಟೇ ಕೇಳಿ, ಇನ್ನೆರಡು ಕಡೆ ವಿಚಾರಿಸಿ.