ಸಕ್ಕರೆ ಹಾಕದ ಶ್ರೀಖಂಡ: ಒಣದ್ರಾಕ್ಷಿ ಇದ್ದರೆ ಸಾಕು

ಶ್ರೀಖಂಡ ಬೇಕು, ಆದರೆ ಅಂಗಡಿ ಡಬ್ಬಿಯಲ್ಲಿರುವಷ್ಟು ಸಕ್ಕರೆ ಬೇಡ ಎನ್ನುವವರು ಇದನ್ನು ಮಾಡಿ ನೋಡಿ. ವಿಜಯಪುರದಲ್ಲಿದ್ದುಕೊಂಡು ಒಣದ್ರಾಕ್ಷಿಯನ್ನು ಬರೀ ಪಾಯಸದ ಮೇಲೆ ಉದುರಿಸುವುದು ಅನ್ಯಾಯ. ತಿಕೋಟಾ ಕಡೆಯ ಒಳ್ಳೆಯ ಮಾಲು ನಮ್ಮ ಕೈಗೆಟಕುವಲ್ಲೇ ಇದೆ.

1 ಲೀಟರ್ ಗಟ್ಟಿ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ, ಜರಡಿಯ ಮೇಲಿಟ್ಟು, ರಾತ್ರಿಯಿಡೀ ಫ್ರಿಜ್‌ನಲ್ಲೇ ಬಸಿಯಲು ಬಿಡಿ. ನಮ್ಮೂರಿನ ಬೇಸಿಗೆಯಲ್ಲಿ ಹೊರಗೆ ನೇತುಹಾಕಿದರೆ ಬೆಳಗಾಗುವಷ್ಟರಲ್ಲಿ ಹಲ್ಲು ಚುಳ್ಳೆನ್ನುವಷ್ಟು ಹುಳಿಯಾಗುತ್ತದೆ. 100 ಗ್ರಾಂ ಒಣದ್ರಾಕ್ಷಿಯನ್ನು ಬೆಚ್ಚಗಿನ ನೀರಿನಲ್ಲಿ ಎರಡು ಸಲ ತೊಳೆದು, ಅರ್ಧ ಗಂಟೆ ನೆನೆಸಿ. ಕಾಳು ಉಬ್ಬಿ ಸಿಪ್ಪೆಯ ಸುಕ್ಕು ಬಿಟ್ಟ ಮೇಲೆ ನೀರು ಬಸಿದು ನುಣ್ಣಗೆ ರುಬ್ಬಿ. ಬಸಿದ ಮೊಸರಿಗೆ ಈ ರುಬ್ಬಿದ್ದನ್ನು, ಚೆನ್ನಾಗಿ ಮಾಗಿದ ಎರಡು ಚಿಕ್ಕು ಹಣ್ಣಿನ ತಿರುಳನ್ನು, ಏಲಕ್ಕಿ ಪುಡಿಯನ್ನು ಸೇರಿಸಿ ಚಮಚದಿಂದ ಕಲಸಿ. ಮಿಕ್ಸರ್‌ಗೆ ಹಾಕಬೇಡಿ, ನೀರಾಗುತ್ತದೆ. ಕಾಯಿ ಚಿಕ್ಕು ಹಾಕಿದರೆ ಬಾಯಿ ಒಗರು, ಎಚ್ಚರ.

ದಾಳಿಂಬೆ ಕಾಳನ್ನು ಬಡಿಸುವಾಗಲೇ ಉದುರಿಸಿ. ಹಸಿ ಅನಾನಸ್ ಮಾತ್ರ ಬೇಡವೇ ಬೇಡ: ಅದರಲ್ಲಿರುವ ಕಿಣ್ವ ಮೊಸರಿನ ಪ್ರೋಟೀನನ್ನು ಒಡೆದು ಕಹಿ ಮಾಡುತ್ತದೆ.

ಮಧುಮೇಹ ಇರುವವರ ಮನೆಯಲ್ಲಿ ‘ಸಕ್ಕರೆಯಿಲ್ಲ’ ಎಂದು ಬಟ್ಟಲು ತುಂಬಿಸಿ ಕೊಡಬೇಡಿ. ಒಣದ್ರಾಕ್ಷಿಯ ಸಿಹಿಯೂ ಸಕ್ಕರೆಯೇ. ಅವರಿಗೆ ಒಣದ್ರಾಕ್ಷಿಯನ್ನು ಅರ್ಧಕ್ಕಿಳಿಸಿ, ಬಡಿಸುವಾಗ ಎರಡು ಚಮಚ ಶ್ರೀಖಂಡ ಸಾಕು. ಬಸಿದ ಮೊಸರಿನ ನೀರನ್ನು ಚೆಲ್ಲದೆ ಚಪಾತಿ ಹಿಟ್ಟು ನಾದಲು ಬಳಸಿ, ಚಪಾತಿ ಮೆತ್ತಗಾಗುತ್ತದೆ.